ಕದ್ರಾದ ಅಗ್ಗದ ಮನೆ

ಮಳೆಗಾಲ ಮುಗಿದು ದಾರಿಯ ಕೆಸರು ಒಣಗುವ ಹೊತ್ತಿಗೆ ಚಿಕ್ಕಪ್ಪನ ಮಗ ಫೋನು ಮಾಡಿದ. “ಅಣ್ಣಾ, ಕದ್ರಾದಲ್ಲಿ ಒಂದು ಚಾಳು ಮಾರೂಕೆ ಬಂದದೆ. ನಾಲ್ಕು ಖೋಲಿ, ನಾಲ್ಕರಲ್ಲೂ ಬಾಡಿಗೆಯವ್ರು ಇದ್ದಾರೆ. ಆ ದುಡ್ಡಿಗೆ ಕಾರವಾರದಲ್ಲಿ ಒಂದು ಸೈಟಿನ ಮೂಲೆಯೂ ಸಿಕ್ಕೂದಿಲ್ಲ. ತಕಳ್ಳೂದಾ, ಬ್ಯಾಡ್ವಾ?”

ಅವನು ಗೋವೆಯ ಖಾಸಗಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವ. ನಸುಕಿಗೆ ಎದ್ದು ಬಸ್ಸು ಹಿಡಿದು, ಗಡಿ ದಾಟಿ ಹೋಗಿ, ಕತ್ತಲಾದ ಮೇಲೆ ಮನೆ ಸೇರಿ ಗಳಿಸಿದ ದುಡ್ಡು ಪಿಎಫ್ ಖಾತೆಯಲ್ಲಿದೆ. ಪಿಂಚಣಿ ಎಂದು ಹೇಳಿಕೊಳ್ಳುವಷ್ಟು ಏನೂ ಬರುವುದಿಲ್ಲ. ಈ ನಾಲ್ಕು ಖೋಲಿಯ ಬಾಡಿಗೆಯೇ ತನ್ನ ಮುಪ್ಪಿನ ಪಿಂಚಣಿ ಎಂಬುದು ಅವನ ಎಣಿಕೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವ. ಮನೆ ಕೊಳ್ಳುವ ಮಾತಿಗೆ ನನ್ನನ್ನು ಯಾಕೆ ಕೇಳುತ್ತಾನೆ ಎಂದು ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದರೆ, ಅಗ್ಗಕ್ಕೆ ಕೊಂಡು ಬಾಡಿಗೆಗೆ ಬಿಡುವ ಈ ಆಸೆಗೂ ಅದರ ಅಪಾಯಕ್ಕೂ ನಮ್ಮ ಕಾರವಾರ, ಅಂಕೋಲೆಯ ಸೀಮೆಯಲ್ಲಿ ಇನ್ನೂರು ವರ್ಷಕ್ಕಿಂತ ಹಳೆಯ ದಾಖಲೆ ಇದೆ.

ಮೊದಲು ಅವನ ಲೆಕ್ಕ ನೋಡೋಣ. ಅನುಕೂಲಕ್ಕೆ ಸಂಖ್ಯೆಗಳನ್ನು ಸುತ್ತು ಮಾಡಿ ಹೇಳುತ್ತೇನೆ. ಚಾಳಿನ ಬೆಲೆ 12 ಲಕ್ಷ, ಖೋಲಿಗೆ ತಿಂಗಳಿಗೆ 2,500 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ನಾಲ್ಕು ಖೋಲಿಗೆ ತಿಂಗಳಿಗೆ 10,000, ವರ್ಷಕ್ಕೆ 1,20,000. ಹಾಕಿದ ದುಡ್ಡಿಗೆ ನೂರಕ್ಕೆ ಹತ್ತು ಬಂತು. ಬ್ಯಾಂಕು ಇಷ್ಟು ಬಡ್ಡಿ ಕೊಡುವುದಿಲ್ಲ. ಈಗ ಒಂದು ಖೋಲಿ ವರ್ಷವಿಡೀ ಖಾಲಿ ಬಿತ್ತು ಎನ್ನಿ, 30,000 ಹೋಯಿತು. ಮಳೆಗಾಲದ ಮುಂಚೆ ಹಂಚು ಕೈಯಾಡಿಸಬೇಕು, ಸುಣ್ಣಬಣ್ಣ, ಪಂಪು, ಪಂಚಾಯತಿಯ ತೆರಿಗೆ ಎಲ್ಲ ಸೇರಿ 20,000. ಬಾಡಿಗೆ ವಸೂಲಿಗೆ ಓಡಾಟ, ಊರಲ್ಲಿ ನೋಡಿಕೊಳ್ಳುವವನಿಗೆ ಕೈಕಾಸು 10,000. ಉಳಿದದ್ದು 60,000. ನೂರಕ್ಕೆ ಹತ್ತು ಇದ್ದದ್ದು ಐದಾಯಿತು. ಬ್ಯಾಂಕಿನ ಠೇವಣಿಗಿಂತ ಕಡಿಮೆ. ಜಾಗದ ಬೆಲೆ ಏರಿದರೆ ಲಾಭ, ಇಳಿದರೆ ಅಸಲಿಗೇ ಪೆಟ್ಟು.

ಈ ಲೆಕ್ಕ ಯಾರಾದರೂ ಹಾಕಬಲ್ಲರು. ಆದರೆ ಆ ಖೋಲಿ ಯಾಕೆ ಖಾಲಿ ಬೀಳುತ್ತದೆ, ಜಾಗದ ಬೆಲೆ ಯಾಕೆ ಇಳಿಯುತ್ತದೆ, ನಷ್ಟ ಬಂದಾಗ ಅದು ಯಾರ ಪಾಲಿಗೆ ಹೋಗುತ್ತದೆ ಎಂಬುದು ಲೆಕ್ಕದ ಹಾಳೆಯಲ್ಲಿ ಇರುವುದಿಲ್ಲ. ಅದಕ್ಕೆ ಹಿಂದಕ್ಕೆ ಹೋಗಬೇಕು.

ಗೇಣಿಯ ನಾಡು

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಇಲ್ಲಿಯ ಮಳೆಯೂ ಓಡಾಟದ ಕಷ್ಟವೂ ಅವನಿಗೆ ಹಿಡಿಸಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಬೇರೆ ಕಡೆ ವರ್ಗ ಮಾಡಿಸಿಕೊಂಡು ಹೋದ. ಹೋಗುವ ಮುಂಚೆ, 1800ರಲ್ಲಿ, ಅವನು ಬರೆದ ವರದಿ ಮಾತ್ರ ಕರಾವಳಿಯ ಭೂಮಿಯ ಚರಿತ್ರೆ ಓದುವವರಿಗೆ ಇವತ್ತಿಗೂ ಬೇಕು. ಬೇರೆಡೆ ಭೂಮಿಯೆಲ್ಲ ದೊರೆಯದು ಎಂದು ಕಂಪನಿಯವರು ತಿಳಿದುಕೊಂಡಿದ್ದ ಕಾಲದಲ್ಲಿ, ಕೆನರಾದಲ್ಲಿ ಭೂಮಿ ಖಾಸಗಿ ಸ್ವತ್ತು, ಅದನ್ನು ಜನ ಹಿಂದಿನಿಂದಲೂ ಮಾರುತ್ತ, ಅಡವಿಡುತ್ತ ಬಂದಿದ್ದಾರೆ, ಅದಕ್ಕೆ ಕಾಗದಪತ್ರಗಳಿವೆ ಎಂದು ಅವನು ವಾದಿಸಿದ.

ಮನ್ರೋ ಗಮನಿಸಿದ ಇನ್ನೊಂದು ಸಂಗತಿ ನಮ್ಮ ಚಾಳಿನ ವಿಷಯಕ್ಕೆ ನೇರವಾಗಿ ಬರುತ್ತದೆ. ಒಡೆಯನಿಗೆ ಬರುವ ಗೇಣಿಯಲ್ಲಿ ಸರ್ಕಾರದ ಕಂದಾಯ ಕಳೆದು ಎಷ್ಟು ಉಳಿಯುತ್ತದೆಯೋ ಅದರ ಮೇಲೆ ಭೂಮಿಯ ಬೆಲೆ ನಿಲ್ಲುತ್ತದೆ. ಕಂದಾಯ ಏರಿ ಗೇಣಿಯನ್ನೆಲ್ಲ ನುಂಗಿದರೆ ಭೂಮಿಯನ್ನು ಕೊಳ್ಳುವವರೇ ಇರುವುದಿಲ್ಲ. ಒಡೆತನ ಹೆಸರಿಗೆ ಮಾತ್ರ. ಹೈದರ್ ಮತ್ತು ಟಿಪ್ಪು ಕಾಲದ ಕಂದಾಯದ ಏರಿಕೆಯಿಂದ ಹಾಗಾಗಿದೆ ಎಂಬುದು ಅವನ ಅಭಿಪ್ರಾಯ. ಆ ದೊರೆಗಳ ಬಗ್ಗೆ ಕಂಪನಿಯ ಅಧಿಕಾರಿ ಬರೆದದ್ದನ್ನು ಎಚ್ಚರದಿಂದಲೇ ಓದಬೇಕು. ಆದರೂ ಸೂತ್ರ ಸರಿಯಾಗಿದೆ. ಕೈಗೆ ಬರುವ ಬಾಡಿಗೆಗಿಂತ ಕೈಯಲ್ಲಿ ಉಳಿಯುವ ಬಾಡಿಗೆ ನೋಡಬೇಕು.

1801ರಲ್ಲಿ ಫ್ರಾನ್ಸಿಸ್ ಬುಕನನ್ ಇದೇ ದಾರಿಯಲ್ಲಿ ಬಂದು ಇಲ್ಲಿಯ ಒಕ್ಕಲುತನದ ಪದ್ಧತಿಗಳನ್ನು ಬರೆದುಕೊಂಡ. ಮುಖ್ಯವಾಗಿ ಎರಡು ಬಗೆ. ಒಂದು ಮೂಲಗೇಣಿ: ಗೇಣಿ ನಿಗದಿ, ಅದು ಏರುವುದಿಲ್ಲ, ಕೊಡುವಷ್ಟು ಕಾಲ ಒಕ್ಕಲನ್ನು ಬಿಡಿಸುವ ಹಾಗಿಲ್ಲ, ಹಕ್ಕು ಅಪ್ಪನಿಂದ ಮಗನಿಗೆ ಹೋಗುತ್ತದೆ. ಇನ್ನೊಂದು ಚಾಲಗೇಣಿ: ವರ್ಷದ ಮಾತು, ಒಡೆಯ ಮನಸ್ಸು ಮಾಡಿದರೆ ಗೇಣಿ ಏರಿಸಬಹುದು, ಬಿಡಿಸಲೂಬಹುದು.

ಇವೆರಡನ್ನೂ ಇವತ್ತಿನ ಕಣ್ಣಿನಿಂದ ನೋಡಿದರೆ ಅಪಾಯವನ್ನು ಹಂಚಿಕೊಳ್ಳುವ ಎರಡು ಕ್ರಮಗಳು ಕಾಣುತ್ತವೆ. ಮೂಲಗೇಣಿಯಲ್ಲಿ ಒಡೆಯನಿಗೆ ನಿಶ್ಚಿಂತೆ ಸಿಕ್ಕಿತು, ಮುಂದೆ ಬರುವ ಏರಿಕೆಯನ್ನು ಅವನು ಬಿಟ್ಟುಕೊಟ್ಟ. ಒಕ್ಕಲು ಗುಡ್ಡದ ಬದಿ ಕಡಿದು ಗದ್ದೆ ಮಾಡಿದರೆ, ತೆಂಗು ನೆಟ್ಟರೆ, ಅದರ ಫಲ ಒಕ್ಕಲಿಗೇ. ಗೇಣಿ ಭತ್ತದಲ್ಲಿದ್ದರೆ ಒಡೆಯನಿಗೆ ಅಷ್ಟು ನಷ್ಟವಿಲ್ಲ, ಭತ್ತದ ಬೆಲೆಯ ಜೊತೆ ಅವನ ವರಮಾನವೂ ಏರುತ್ತದೆ. ರೊಕ್ಕದಲ್ಲಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಆ ಗೇಣಿ ವೀಳ್ಯದೆಲೆಗೂ ಸಾಲದು. ಚಾಲಗೇಣಿಯಲ್ಲಿ ಏರಿಕೆ ಒಡೆಯನದು, ಅಪಾಯ ಒಕ್ಕಲಿನದು. ನಾಳೆ ಬಿಡಿಸುತ್ತಾರೆಂದು ಗೊತ್ತಿದ್ದವನು ಒಡ್ಡು ಕಟ್ಟುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಭೂಮಿ ಬಡವಾಗುತ್ತದೆ.

ಅಂಕೋಲೆಯ ಗಜನಿ ಗದ್ದೆಗಳಲ್ಲಿ ಇದು ಇನ್ನೂ ಸ್ಪಷ್ಟ. ಉಪ್ಪುನೀರು ಏರಿಳಿಯುವ ಹಿನ್ನೀರಿನ ಬದಿಯ ಗದ್ದೆಗಳವು. ಉಪ್ಪನ್ನು ತಡೆಯಬಲ್ಲ ಕಗ್ಗ ಭತ್ತ ಅಲ್ಲಿಯ ಬೆಳೆ. ಮಣ್ಣಿನ ಒಡ್ಡು ಗಟ್ಟಿ ಇರುವವರೆಗೆ ಗದ್ದೆ. ಒಂದು ರಾತ್ರಿ ಒಡ್ಡು ಒಡೆದರೆ ಆ ವರ್ಷದ ಅನ್ನ ಹೋಯಿತು. ಒಡ್ಡು ಯಾರು ಕಟ್ಟಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲದ ಕಡೆ ಗದ್ದೆ ಅಗ್ಗ. ಇವತ್ತಿನ ಚಾಳಿನಲ್ಲಿ ಹಂಚು ಯಾರು ಹಾಕಿಸಬೇಕು ಎಂದು ಜಗಳ ಬರುತ್ತದಲ್ಲ, ಅದರ ಅಜ್ಜ ಈ ಒಡ್ಡಿನ ಜಗಳ.

ಬಾರದ ರೈಲು

ಎರಡನೆಯ ಪಾಠ ಕಾರವಾರ ಬಂದರಿನದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳು ಧಾರವಾಡ, ಗದಗದ ಹತ್ತಿಯ ಕಡೆ ಕಣ್ಣು ಹಾಕಿದವು. ಆ ಹತ್ತಿ ಅದಕ್ಕೂ ಮೊದಲೇ ಘಟ್ಟ ಇಳಿದು ಕುಮಟೆಯಿಂದ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿಯ ವ್ಯಾಪಾರದಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ಇತ್ತು. ಕಾರವಾರದ ಕೊಲ್ಲಿ ಕುಮಟೆಯದಕ್ಕಿಂತ ಆಳ, ಗಾಳಿಗೆ ಆಸರೆ ಇರುವಂಥದ್ದು. ಇಲ್ಲಿ ದೊಡ್ಡ ಬಂದರು ಮಾಡಬೇಕು ಎಂಬ ಒತ್ತಾಯ ಬಲವಾಯಿತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಾಯವೂ ಇತ್ತು. ನಮ್ಮ ಊರಿನ ಮಾತಿನಲ್ಲಿ ಚಾಳು, ಖೋಲಿ ಸೇರಿಕೊಂಡದ್ದರಲ್ಲಿ ಮುಂಬಯಿಯ ಜೊತೆಗಿನ ಆ ದೀರ್ಘ ನಂಟಿನ ಪಾಲು ಇದ್ದೇ ಇದೆ.

ಕದ್ರಾಕ್ಕೆ ಆಗ ಬೇರೆ ಮಹತ್ವ. ಕಾಳಿ ನದಿಯಲ್ಲಿ ಸಮುದ್ರದಿಂದ ದೋಣಿಗಳು ಒಳಗೆ ಬರುತ್ತಿದ್ದುದು ಕದ್ರಾದವರೆಗೆ. ಅಲ್ಲಿಂದ ಮುಂದೆ ಬಂಡೆ, ಘಟ್ಟ, ಕಾಡು. ಇವತ್ತೂ ಕದ್ರಾ ದಾಟಿದ ಮೇಲೆ ಒಂದು ದಾರಿ ಅಣಶಿ ಘಟ್ಟ ಹತ್ತಿ ಜೋಯಿಡಾಕ್ಕೂ ಇನ್ನೊಂದು ಕೈಗಾದ ಮೇಲೆ ಯಲ್ಲಾಪುರಕ್ಕೂ ಹೋಗುತ್ತದೆ. ನೀರಿನ ದಾರಿ ಮುಗಿದು ನೆಲದ ದಾರಿ ಶುರುವಾಗುವ ಊರು ಯಾವಾಗಲೂ ವ್ಯಾಪಾರಿಯ ಆಸೆಯನ್ನು ಕೆರಳಿಸುತ್ತದೆ.

ಆಸೆ ಬಹಳ ದಿನ ಬಾಳಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಹತ್ತಿಯ ದುಡ್ಡಿನಲ್ಲಿ ಮುಂಬಯಿಯಲ್ಲಿ ಹುಟ್ಟಿಕೊಂಡಿದ್ದ ಷೇರಿನ ಹುಚ್ಚು ಅದೇ ವರ್ಷ ಒಡೆದು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳ ಷೇರು ಕೊಂಡವರು ದಿವಾಳಿಯಾದರು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಬರುತ್ತದೆ ಎಂಬ ಮಾತು ಆಮೇಲೂ ನಡೆಯುತ್ತಲೇ ಇತ್ತು. 1880ರ ದಶಕದ ಕೊನೆಗೆ ರೈಲು ಬಂತು, ಆದರೆ ಪೋರ್ಚುಗೀಸರ ಗೋವೆಯ ಮುರಗಾಂವ್ ಬಂದರಿಗೆ. ಘಟ್ಟದ ಮೇಲಿನ ಸರಕು ಆ ಹಳಿಯ ಮೇಲೆ ಹೋಯಿತು. ಕಾರವಾರಕ್ಕೆ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ, ಅದೂ ಕರಾವಳಿಯ ಉದ್ದಕ್ಕೆ ಓಡುವ ಹಳಿ. ಹುಬ್ಬಳ್ಳಿ, ಅಂಕೋಲಾ ರೈಲು ಇನ್ನೂ ಆಗಿಲ್ಲ.

ಬಂದರು ದೊಡ್ಡದಾಗಲಿಲ್ಲ, ಆದರೆ ಜಿಲ್ಲೆಯ ಕಚೇರಿಗಳು ಕಾರವಾರದಲ್ಲಿ ಉಳಿದವು. 1883ರಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದು ಕೆಲ ಕಾಲ ಇದ್ದದ್ದು ನಮ್ಮವರು ಹೆಮ್ಮೆಯಿಂದ ಹೇಳುವ ಮಾತು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಊರಿನಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಬರುವವರು ಹತ್ತಿಯ ಸಾಹುಕಾರರಾಗಿರಲಿಲ್ಲ. ವರ್ಗವಾಗಿ ಬರುವ ಗುಮಾಸ್ತರು, ಮಾಸ್ತರರು, ವಕೀಲರು. ‘ಇಲ್ಲಿ ಏನೋ ಬರುತ್ತದೆ’ ಎಂದು ಕೊಂಡವನಿಗೂ ‘ಇಲ್ಲಿ ಈಗಾಗಲೇ ಇದೆ’ ಎಂದು ಕೊಂಡವನಿಗೂ ಇರುವ ವ್ಯತ್ಯಾಸ ಇದು.

ಹರಾಜಿನಲ್ಲಿ ಸಿಕ್ಕಿದ ಗದ್ದೆ

ಅಗ್ಗಕ್ಕೆ ಕೊಳ್ಳುವುದರಲ್ಲಿ ದುಡ್ಡಿನ ಅಪಾಯದ ಜೊತೆ ಇನ್ನೊಂದು ಅಪಾಯವೂ ಇದೆ ಎಂದು ತೋರಿಸಿದ್ದು 1930ರ ದಶಕದ ಅಂಕೋಲೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೆ ಅಂಕೋಲೆ, ಸಿದ್ದಾಪುರ ತಾಲ್ಲೂಕುಗಳಲ್ಲಿ ಕರ ನಿರಾಕರಣೆಯ ಚಳವಳಿ ಶುರುವಾಯಿತು. ಜಗತ್ತಿನ ಆರ್ಥಿಕ ಕುಸಿತದಿಂದ ಭತ್ತ, ಅಡಿಕೆಯ ಬೆಲೆ ನೆಲಕ್ಕೆ ಬಿದ್ದ ಕಾಲ ಅದು. ಕಂದಾಯ ಮಾತ್ರ ಇದ್ದಷ್ಟೇ ಇತ್ತು. ಗುಜರಾತಿನ ಬಾರ್ಡೋಲಿಯ ಹೆಸರಿನ ಜೊತೆಗೆ ಅಂಕೋಲೆಯ ಹೆಸರನ್ನೂ ಹೇಳುವಂತಾಯಿತು.

ಸರ್ಕಾರದ ಕೈಯಲ್ಲಿ ಕಾನೂನಿತ್ತು: ಕಂದಾಯ ಕೊಡದವನ ಜಮೀನು ಮುಟ್ಟುಗೋಲು, ಆಮೇಲೆ ಹರಾಜು. ಪಾತ್ರೆ, ಎಮ್ಮೆ, ಬಾಗಿಲು, ಕೊನೆಗೆ ಗದ್ದೆ, ತೋಟ. ಊರವರು ಹರಾಜು ಕೂಗಲಿಲ್ಲ, ಹಾಗಾಗಿ ಕೂಗಿದವರಿಗೆ ಬಹಳ ಅಗ್ಗಕ್ಕೆ ಸಿಕ್ಕಿತು. ಲೆಕ್ಕದ ಪ್ರಕಾರ ಇದಕ್ಕಿಂತ ಒಳ್ಳೆಯ ವ್ಯವಹಾರ ಇರಲಿಲ್ಲ. ಫಸಲು ಕೊಡುವ ಗದ್ದೆ, ಪುಡಿಗಾಸಿನ ಬೆಲೆ, ಸರ್ಕಾರದ ಮೊಹರು ಹಾಕಿದ ಕಾಗದ.

ಆದರೆ ಆ ಗದ್ದೆಯನ್ನು ಗೇಣಿಗೆ ಹಿಡಿಯುವವರು ಯಾರು? ಊಳಲು ಕೂಲಿ ಬರುವವರು ಯಾರು? ಹರಾಜಿನಲ್ಲಿ ಕೊಂಡವರಿಗೆ ಊರು ಬಹಿಷ್ಕಾರ ಹಾಕಿತು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ 1932ರಲ್ಲಿ ಹೆಂಗಸರು ಹರಾಜಿನ ಸ್ವತ್ತು ಕೊಂಡವರ ಮನೆಯ ಎದುರು ಉಪವಾಸ ಕುಳಿತರು. ಮಳೆ ಬಂದರೂ ಏಳದೆ ಕುಳಿತವರ ಕತೆಯನ್ನು ಆ ಕಡೆಯ ಮನೆಗಳಲ್ಲಿ ಈಗಲೂ ಹೇಳುತ್ತಾರೆ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂತು. ಚಳವಳಿಯಲ್ಲಿ ಕಳೆದುಹೋದ ಜಮೀನನ್ನು ಮೂಲದವರಿಗೆ ಮರಳಿಸಲು ಅದು ಕಾನೂನು ಮಾಡಿತು. ಅಗ್ಗಕ್ಕೆ ಕೊಂಡವರ ಕೈಯಿಂದ ಜಮೀನು ಹೋಯಿತು, ಊರಿನ ಜೊತೆಗಿನ ಋಣಾನುಬಂಧವಂತೂ ಅದಕ್ಕೂ ಮೊದಲೇ ಹೋಗಿತ್ತು.

ಯಾವುದಾದರೂ ಆಸ್ತಿ ತೀರಾ ಅಗ್ಗಕ್ಕೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿ ಸಿಗುತ್ತದೆ. ಇದನ್ನು ಕಳೆದುಕೊಂಡವರು ಯಾರು, ಯಾಕೆ ಕಳೆದುಕೊಂಡರು? ಇವತ್ತು ಬ್ಯಾಂಕಿನ ಹರಾಜಿನಲ್ಲಿ ಬರುವ ಮನೆಗಳಿಗೂ ಈ ಪ್ರಶ್ನೆ ಸಲ್ಲುತ್ತದೆ. ಮನೆಯೊಳಗೆ ಇನ್ನೂ ಯಾರೋ ಕುಳಿತಿರುತ್ತಾರೆ. ಕಾಗದ ಕೈಗೆ ಬಂದ ದಿನ ಮನೆ ಕೈಗೆ ಬಂದಿರುವುದಿಲ್ಲ.

ಫಾರ್ಮ್ ಏಳು

ಅಂಕೋಲೆಯ ಚುಟುಕು ಬ್ರಹ್ಮ ಎಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಯವಿರುವ ದಿನಕರ ದೇಸಾಯಿ (1909–1982) ಗೇಣಿಯ ಚರಿತ್ರೆಯಲ್ಲೂ ದೊಡ್ಡ ಹೆಸರು. ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ಅವರು 1930ರ ದಶಕದ ಕೊನೆಗೆ ಜಿಲ್ಲೆಯ ಗೇಣಿದಾರರನ್ನು ರೈತಕೂಟದಲ್ಲಿ ಒಟ್ಟುಗೂಡಿಸಿದರು. ಗೇಣಿ ಇಳಿಸಿ, ಬಿಟ್ಟಿ ದುಡಿಮೆ ನಿಲ್ಲಿಸಿ, ಒಕ್ಕಲನ್ನು ಮನಬಂದಂತೆ ಬಿಡಿಸಬೇಡಿ ಎಂಬುದು ಬೇಡಿಕೆ. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು; ಸುಮಾರು ಐದು ವರ್ಷ ಅವರು ತಮ್ಮ ಊರಿಗೆ ಕಾಲಿಡುವಂತಿರಲಿಲ್ಲ.

1948ರ ಮುಂಬಯಿ ಗೇಣಿ ಕಾನೂನು ಗೇಣಿಗೆ ಮಿತಿ ಹಾಕಿತು. ನೀರಾವರಿ ಇಲ್ಲದ ಭೂಮಿಗೆ ಬೆಳೆಯ ಮೂರರಲ್ಲೊಂದು, ನೀರಾವರಿಯದಕ್ಕೆ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಕೇಳುವಂತಿಲ್ಲ. ಒಡೆಯನಿಗೆ ಉಳಿಯುವ ಪಾಲು ಕಾನೂನಿನಿಂದಲೇ ಕುಗ್ಗಿತು. ಮನ್ರೋ ಹೇಳಿದ ಸೂತ್ರದಂತೆ, ಒಕ್ಕಲು ಇರುವ ಗದ್ದೆಯ ಬೆಲೆಯೂ ಕುಗ್ಗಲೇಬೇಕು. ಖಾಲಿ ಗದ್ದೆಗೆ ಒಂದು ಬೆಲೆ, ಒಕ್ಕಲು ಇರುವ ಗದ್ದೆಗೆ ಇನ್ನೊಂದು. ಅಂಥ ಗದ್ದೆ ಅಗ್ಗಕ್ಕೆ ಬಂತೆಂದು ಕೊಂಡವರು ಕಾನೂನು ಇಲ್ಲಿಗೆ ನಿಲ್ಲುತ್ತದೆ ಎಂದುಕೊಂಡಿದ್ದರು.

ಅದು ನಿಲ್ಲಲಿಲ್ಲ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿಗೆ ಕೊಟ್ಟ ಕೃಷಿ ಭೂಮಿಯೆಲ್ಲ ಸರ್ಕಾರದ ವಶವಾಯಿತು. ಒಕ್ಕಲು ‘ಫಾರ್ಮ್ ಏಳು’ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹೋಗಿ ಹಕ್ಕು ಪಡೆಯಬಹುದಿತ್ತು. ಗೇಣಿಗೆ ಕೊಡಲು ಸೈನಿಕರಿಗೆ, ಹಡಗಿನಲ್ಲಿ ದುಡಿಯುವ ನಾವಿಕರಿಗೆ ಮಾತ್ರ ವಿನಾಯಿತಿ ಇತ್ತು. ಜಿಲ್ಲೆಯಲ್ಲಿ ತಲೆತಲಾಂತರದಿಂದ ಬೇರೆಯವರ ಗದ್ದೆ ಉತ್ತ ಹಾಲಕ್ಕಿ ಒಕ್ಕಲಿಗರು ಮತ್ತು ಇನ್ನೂ ಎಷ್ಟೋ ಜಾತಿಯ ಮನೆಗಳಿಗೆ ತಮ್ಮದೇ ಹೆಸರಿನ ಪಹಣಿ ಬಂತು. ನನ್ನ ತರಗತಿಯಲ್ಲಿ ಕುಳಿತು ಬಿ.ಎ. ಮಾಡಿದ ಎಷ್ಟೋ ಮಕ್ಕಳು ಆ ಫಾರ್ಮ್ ಏಳರ ಮೊಮ್ಮಕ್ಕಳು.

ಕಳೆದುಕೊಂಡವರಲ್ಲಿ ದೊಡ್ಡ ಒಡೆಯರು ಇದ್ದರು. ಒಂದೂವರೆ ಎಕರೆಯ ಗೇಣಿಯಲ್ಲಿ ದಿನ ತಳ್ಳುತ್ತಿದ್ದ ವಿಧವೆಯರು, ಮುದುಕರೂ ಇದ್ದರು. ನ್ಯಾಯ ಒಟ್ಟಾರೆ ಸರಿಯಾದ ದಿಕ್ಕಿಗೇ ನಡೆಯಿತು ಎಂದು ನಾನು ನಂಬುತ್ತೇನೆ. ಆದರೆ ಆ ಮುದುಕರ ಮನೆಯ ಒಲೆಯನ್ನೂ ಚರಿತ್ರೆ ಬರೆಯುವವ ಮರೆಯಬಾರದು. ಮುಪ್ಪಿನ ಆಸರೆಗೆಂದು ಗೇಣಿಯ ಗದ್ದೆ ಕೊಂಡವರು ಆಗಲೂ ಇದ್ದರು. ನನ್ನ ತಮ್ಮನ ಹಾಗೆ.

ಮನೆಯ ಬಾಡಿಗೆಗೆ ಈ ಕಾನೂನು ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯದೇ ಬಾಡಿಗೆ ಕಾನೂನುಗಳ ಸರಣಿ ಇದೆ: 1947ರ ಮುಂಬಯಿಯದು, 1961ರ ಮೈಸೂರಿನದು, 1999ರ ಕರ್ನಾಟಕದ್ದು. ಈಗ ಎಲ್ಲೆಡೆ ಹನ್ನೊಂದು ತಿಂಗಳ ಕರಾರು ಪತ್ರ ಬರೆಸುವ ರೂಢಿ. ಹನ್ನೊಂದು ತಿಂಗಳ ಕರಾರು ಎಂದರೆ ಹಳೆಯ ಚಾಲಗೇಣಿಯೇ. ಅದರ ಗುಣವೂ ಅದೇ, ದೋಷವೂ ಅದೇ: ನಾಳೆ ಬಿಡಬೇಕಾದವನು ಇವತ್ತು ಗೋಡೆಗೆ ಮೊಳೆಯನ್ನೂ ಹೊಡೆಯುವುದಿಲ್ಲ.

ಕಾಳಿಯ ದಂಡೆಯ ಹೊಸ ಒಡೆಯರು

1974ರ ನಂತರ ಈ ಸೀಮೆಯ ನೆಲದ ಬೆಲೆಯನ್ನು ತೀರ್ಮಾನಿಸಿದ್ದು ಭತ್ತವಲ್ಲ, ಯೋಜನೆಗಳು. ಕಾಳಿ ನದಿಗೆ ಮೇಲೆ ಸೂಪಾ, ಕೆಳಗೆ ಕೊಡಸಳ್ಳಿ ಮತ್ತು ಕದ್ರಾ ಅಣೆಕಟ್ಟುಗಳು ಬಂದವು. ಕದ್ರಾದಲ್ಲಿ 50 ಮೆಗಾವಾಟಿನ ಮೂರು ಘಟಕಗಳು 1990ರ ದಶಕದ ಕೊನೆಯಲ್ಲಿ ವಿದ್ಯುತ್ ಕೊಡತೊಡಗಿದವು. ಅದೇ ಜಲಾಶಯದ ದಂಡೆಯ ಮೇಲೆ ಕೈಗಾ ಅಣುವಿದ್ಯುತ್ ಸ್ಥಾವರ. ಕೈಗಾ ವಿರುದ್ಧ ದೊಡ್ಡ ಹೋರಾಟ ನಡೆಯಿತು. ಶಿವರಾಮ ಕಾರಂತರು 1989ರಲ್ಲಿ ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಇಲ್ಲಿಂದ ಲೋಕಸಭೆಗೆ ನಿಂತು ಸೋತರು. ಅತ್ತ ಕರಾವಳಿಯಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲೆ ತಾಲ್ಲೂಕುಗಳ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಮಿಕ್ಕು ಕುಟುಂಬಗಳು ಮನೆ ಬಿಟ್ಟವು. ಭೂಸ್ವಾಧೀನದ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಬಾಡಿಗೆಗೆ ಇದ್ದವನು ಗಂಟು ಕಟ್ಟಿಕೊಂಡು ಹೊರಡುತ್ತಾನೆ.

ಯೋಜನೆಯ ಊರಿನಲ್ಲಿ ಕಾಯಂ ನೌಕರರಿಗೆ ಕಾಲೊನಿ ಇರುತ್ತದೆ. ಖಾಸಗಿ ಖೋಲಿ ಹುಡುಕುವವರು ಗುತ್ತಿಗೆಯ ಕೆಲಸಗಾರರು, ಅವರನ್ನು ನಂಬಿ ಬರುವ ಹೋಟೆಲಿನವರು, ಅಂಗಡಿಯವರು. ಕಟ್ಟುವ ಕೆಲಸ ಜೋರಾಗಿದ್ದಾಗ ದನದ ಕೊಟ್ಟಿಗೆಗೂ ಬಾಡಿಗೆ ಬರುತ್ತದೆ. ಕಟ್ಟಿ ಮುಗಿದ ಮೇಲೆ ಸಾವಿರ ಜನ ಮಾಡಿದ ಕೆಲಸವನ್ನು ನೋಡಿಕೊಳ್ಳಲು ನೂರು ಜನ ಸಾಕು. ಕೆಲಸ ನಡುವೆ ನಿಲ್ಲಲೂಬಹುದು. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಒಂದು ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ವಿನ್ಯಾಸವನ್ನೇ ಮತ್ತೆ ನೋಡಬೇಕಾಗಿ, ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದಲ್ಲಿ. ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ. ಈಗ ತಲಾ 700 ಮೆಗಾವಾಟಿನ ಐದು ಮತ್ತು ಆರನೆಯ ಘಟಕಗಳ ಸರದಿ. 2017ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ತಮ್ಮನ ಆಸೆಯ ಬೇರು ಇಲ್ಲಿದೆ. “ಹೊಸ ಘಟಕ ಬಂದ್ರೆ ಜನ ಬರ್ತಾರಲ್ಲ ಅಣ್ಣಾ” ಎಂದ. ಬರುತ್ತಾರೆ, ನಿಜ. ಹೋಗುತ್ತಾರೆ ಎಂಬುದೂ ನಿಜ. ಬರುವ ವರ್ಷಗಳಲ್ಲಿ ಹಾಕಿದ ದುಡ್ಡಿನ ಎಷ್ಟು ಪಾಲು ಕೈಗೆ ಮರಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಗೋಡೆಯ ಗೆರೆ

ಒಂದು ಭಾನುವಾರ ಇಬ್ಬರೂ ಕದ್ರಾಕ್ಕೆ ಹೋದೆವು. ಚಾಳು ನದಿಯ ಕಡೆಗಿನ ತಗ್ಗಿನಲ್ಲಿದೆ. ಎದುರಿಗೆ ನಾಲ್ಕು ತೆಂಗಿನ ಮರ, ಒಂದು ಬಾವಿ. ಎರಡು ಖೋಲಿಯಲ್ಲಿ ಕಲಬುರ್ಗಿ ಕಡೆಯ ಗುತ್ತಿಗೆ ಕೆಲಸದವರು, ಒಂದರಲ್ಲಿ ವಯಸ್ಸಾದ ಗಂಡ ಹೆಂಡತಿ, ತುದಿಯದರಲ್ಲಿ ರಸ್ತೆ ಬದಿಗೆ ಚಹಾದ ಗೂಡಂಗಡಿ ಇಟ್ಟ ಹೆಂಗಸು. ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ಮನೆಯ ಕಾಗದ ಕೇಳಿದೆವು. ನಮ್ಮ ಜಿಲ್ಲೆಯಲ್ಲಿ ಬಹುಪಾಲು ನೆಲ ಅರಣ್ಯದ್ದು. ಅತಿಕ್ರಮಣದ ಜಾಗದಲ್ಲಿ, ಪುನರ್ವಸತಿಗೆ ಷರತ್ತು ಹಾಕಿ ಕೊಟ್ಟ ನಿವೇಶನದಲ್ಲಿ ಕಟ್ಟಿದ ಮನೆಗಳು ಎಷ್ಟೋ ಇವೆ. ಇ-ಸ್ವತ್ತಿನ ಫಾರ್ಮ್ 9 ಮತ್ತು 11, ಋಣಭಾರ ಪತ್ರ, ಮೂಲ ಮಂಜೂರಾತಿ ಇಷ್ಟೂ ನೋಡದೆ ಮುಂಗಡ ಕೊಡಬಾರದು ಎಂದು ತಮ್ಮನಿಗೆ ಮೊದಲೇ ಹೇಳಿದ್ದೆ. ಮಾರುವವರ ಕಡೆಯವನು ಕೆಲವು ತೋರಿಸಿದ, ಕೆಲವು ‘ಆಮೇಲೆ ಕೊಡುತ್ತೇನೆ’ ಎಂದ.

ಚಹಾದ ಅಂಗಡಿಯ ಹೆಂಗಸು ನಮ್ಮನ್ನು ಒಳಗೆ ಕರೆದಳು. “ನೀವು ತಕಳ್ತೀರಾ?” ಎಂದು ಕೇಳಿದಳು. ನೋಡಬೇಕು ಎಂದೆವು. ಕೋಣೆಯ ಮೂಲೆಯಲ್ಲಿ ಬಟ್ಟೆಯ ಹಗ್ಗದ ಹಿಂದೆ ಬಣ್ಣ ಬಳಿಯದೆ ಉಳಿದಿದ್ದ ಗೋಡೆ ತೋರಿಸಿದಳು. ನನ್ನ ಎದೆಯ ಮಟ್ಟಕ್ಕೆ ಒಂದು ಕೆಸರಿನ ಗೆರೆ. 2019ರ ಆಗಸ್ಟಿನದು. ಘಟ್ಟದ ಮೇಲೆ ವಿಪರೀತ ಮಳೆಯಾಗಿ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕಾಳಿಯ ಕೆಳಗಿನ ಊರುಗಳ ಮನೆಗಳಿಗೆ ನೀರು ನುಗ್ಗಿತ್ತು. ಪಾತ್ರೆ, ಹಾಸಿಗೆ, ಮಗಳ ಪುಸ್ತಕ, ಗ್ಯಾಸಿನ ಸಿಲಿಂಡರು ಎಲ್ಲ ಹೋದವು ಎಂದಳು. ಪರಿಹಾರ ಕೇಂದ್ರದಿಂದ ಮರಳಿ ಬಂದು ಕೆಸರು ಹೊರಹಾಕಿದವಳು ಇವಳೇ. ಮನೆಯ ಒಡೆಯ ಊರಿನಲ್ಲಿ ಇರುವವನಲ್ಲ. ಅವನು ಬಂದದ್ದು ಎರಡು ತಿಂಗಳ ಮೇಲೆ. ಆ ಎರಡು ತಿಂಗಳ ಬಾಡಿಗೆಯನ್ನು ಅವನು ಬಿಡಲಿಲ್ಲ.

“ಹಂಗಾದ್ರೂ ಇಲ್ಲೇ ಇದ್ದೀರಲ್ಲ?” ತಮ್ಮ ಕೇಳಿದ.

“ಅಂಗಡಿ ಇಲ್ಲೇ ಅದೆ. ಮೇಲಿನ ಕೇರಿಯಲ್ಲಿ ಬಾಡಿಗೆ ಜಾಸ್ತಿ” ಎಂದಳು. ಆಮೇಲೆ ಸ್ವಲ್ಪ ತಡೆದು, “ಸಾಲ ಸಿಕ್ಕಿದ್ರೆ ಈ ಖೋಲಿ ನಾನೇ ತಕಳ್ತಿದ್ದೆ. ಅಟ್ಟ ಮಾಡ್ಕೊಂಡು ಸಾಮಾನು ಮೇಲಿಡ್ತಿದ್ದೆ. ಬೇರೆಯವ್ರ ಮನೆಗೆ ಅಟ್ಟ ಯಾರು ಮಾಡ್ತಾರೆ?” ಎಂದಳು.

ತಮ್ಮ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಲೆಕ್ಕ ಮತ್ತೆ ಶುರು ಮಾಡಿದ. ಐದು ವರ್ಷಕ್ಕೊಮ್ಮೆ ನೀರು ಬಂದರೆ ಎಷ್ಟು ಖರ್ಚು, ಅದನ್ನು ವರ್ಷಕ್ಕೆ ಹಂಚಿದರೆ ಎಷ್ಟು, ಬಾಡಿಗೆ ಎಷ್ಟು ಬಿಡಬೇಕಾಗುತ್ತದೆ, ಬೆಲೆ ಎಷ್ಟು ಇಳಿಸಿ ಕೇಳಬೇಕು. ನಾನು ಕೇಳಿದೆ: “ನೀರು ಬಂದ ದಿನ ನೀನು ಅಲ್ಲಿಗೆ ಹೋಗ್ತೀಯಾ?” ಅವನು ಕಿಟಕಿಯ ಆಚೆ ನೋಡಿದ. ಮಲ್ಲಾಪುರ ದಾಟಿತ್ತು, ಕಾಳಿ ಬದಿಯಲ್ಲೇ ಹರಿಯುತ್ತಿದ್ದಳು. “ಹೋಗಬೇಕಲ್ಲ” ಎಂದ.

ಹೋಗುತ್ತೇನೆ ಎನ್ನುವವನು ಕೊಳ್ಳಬಹುದು ಎಂದು ನನಗೆ ಅನ್ನಿಸುತ್ತದೆ. ಕಾಗದ ಸರಿಯಿದ್ದರೆ, ಬೆಲೆಯಲ್ಲಿ ನದಿಯ ಪಾಲನ್ನು ಕಳೆದಿದ್ದರೆ, ಪಿಎಫ್ ದುಡ್ಡೆಲ್ಲ ಅಲ್ಲಿಗೇ ಸುರಿಯದೆ ಅರ್ಧವನ್ನಾದರೂ ಬ್ಯಾಂಕಿನಲ್ಲಿ ಬಿಟ್ಟರೆ. ದೂರದಲ್ಲಿ ಕುಳಿತು ಬಾಡಿಗೆ ಮಾತ್ರ ಎಣಿಸುವವನಿಗೆ ಈ ಸೀಮೆಯ ಇನ್ನೂರು ವರ್ಷಗಳು ಅಷ್ಟು ಅನುಕೂಲವಾಗಿ ನಡೆದುಕೊಂಡಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಅವನು ಮುಂಗಡ ಕೊಟ್ಟಿಲ್ಲ. ಮಂಜೂರಾತಿಯ ಕಾಗದ ಇನ್ನೂ ಬಂದಿಲ್ಲವಂತೆ. ನಿನ್ನೆ ಫೋನಿನಲ್ಲಿ ಬೇರೆ ಮಾತು ಕೇಳಿದ: ನಾಲ್ಕು ಖೋಲಿಗೂ ಅಟ್ಟ ಮಾಡಿಸಲು ಎಷ್ಟು ಮರ ಬೇಕಾಗುತ್ತದೆ ಎಂದು.